ಫೋಟೋದ ಮೂಲೆಯಲ್ಲಿದ್ದ ತಾರೀಕು

ಕೆಲವರಿಗೆ ನಶ್ಯದ ಚಟವಿರುತ್ತದೆ, ಕೆಲವರಿಗೆ ಎಲೆಅಡಿಕೆಯದ್ದು. ನನಗಿರುವುದು ತಾರೀಕು ಹಾಕುವ ಚಟ. ಹೊಸ ಪುಸ್ತಕ ಬಂದರೆ ಮೊದಲ ಪುಟದ ಬಲ ಮೂಲೆಯಲ್ಲಿ, ಮಿಡಿ ಉಪ್ಪಿನಕಾಯಿ ಹಾಕಿದರೆ ಭರಣಿಗೆ ಕಟ್ಟಿದ ಬಟ್ಟೆಯ ಮೇಲೆ, ಗ್ಯಾಸ್ ಸಿಲಿಂಡರ್ ಬದಲಾಯಿಸಿದರೆ ಅಡುಗೆಮನೆಯ ಬಾಗಿಲ ಹಿಂದೆ. ಹೀಗೆ ನಮ್ಮ ಮನೆಯಲ್ಲಿ ತಾರೀಕಿಲ್ಲದೆ ಉಳಿದ ವಸ್ತುಗಳು ಕಡಿಮೆ. ‘ನಾ ಹೋದ ದಿನ ನನ್ನ ಹಣೆ ಮೇಲೂ ಬರ್ದು ಕಳಸ್ತೆ ನೀನು’ ಎಂದು ಆಯಿ, ಅಂದರೆ ನನ್ನ ತಾಯಿ, ಹೇಳುವುದುಂಟು. ಇದನ್ನು ದುರಭ್ಯಾಸವೆಂದು ನಾನು ಎಂದೂ ಎಣಿಸಿರಲಿಲ್ಲ. ಧಾರವಾಡದಲ್ಲಿದ್ದು ಗ್ರಂಥಾಲಯ ವಿಜ್ಞಾನ ಓದಿ, ಕುಮಟೆಯ ಒಂದು ಕಾಲೇಜಿನ ಲೈಬ್ರರಿಗೆ ಸೇರಿಕೊಂಡವಳು ನಾನು. ದಿನಾ ಬೆಳಿಗ್ಗೆ ಹೊನ್ನಾವರದಿಂದ ಬಸ್ಸು ಹಿಡಿದು ಹೋಗಿ, ಬಾಗಿಲು ತೆಗೆದು, ಮಾಡುವ ಮೊದಲ ಕೆಲಸವೇ ರಬ್ಬರ್ ಮೊಹರಿನ ಪಟ್ಟಿ ತಿರುಗಿಸಿ ಅಂದಿನ ತಾರೀಕು ತರುವುದು. ಜಗತ್ತು ಒಂದು ದಿನ ಮುಂದೆ ಹೋಯಿತು ಎಂದು ನನಗೆ ಖಾತ್ರಿಯಾಗುವುದು ಆಗಲೇ. ಇಂಥವಳ ಕೈಗೆ ಒಂದು ಕ್ಯಾಮೆರಾ ಬಂತು, ಮತ್ತು ಆ ಕ್ಯಾಮೆರಾಕ್ಕೆ ತಾನಾಗಿ ತಾರೀಕು ಹಾಕುವ ಗುಣವಿತ್ತು. ಅದರಿಂದಾಗಿ ನನ್ನ ಗೆಳತಿಯೊಬ್ಬಳು ತನ್ನ ಶನಿವಾರಗಳನ್ನು ಕಳೆದುಕೊಂಡಳು. ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ತಪ್ಪು ಕ್ಯಾಮೆರಾದ್ದು ಎಂದು ನೀವು ತಿಳಿದೀರಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕ್ಯಾಮೆರಾ ತಂದದ್ದು ಭಟ್ಕಳದಿಂದ. ಅಲ್ಲಿನ ಪೇಟೆಯಲ್ಲಿ ಗಲ್ಫಿನಿಂದ ಬಂದ ಸೆಂಟು, ಕಂಬಳಿ, ಟಾರ್ಚು, ಹಾಲಿನ ಪುಡಿಗಳ ನಡುವೆ ಕ್ಯಾಮೆರಾಗಳೂ ಸಿಗುತ್ತಿದ್ದವು. ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯವರು ಬಹಳ ಮರ್ಯಾದೆಯಿಂದ ಕೂರಿಸಿ, ‘ಅಕ್ಕಾ, ಇದರಲ್ಲಿ ಕೈ ನಡುಗಿದ್ರೂ ಗೊತ್ತಾಗೂದಿಲ್ಲ, ರಾತ್ರಿ ತೆಗೆದ್ರೂ ಕಣ್ಣು ಕೆಂಪಾಗೂದಿಲ್ಲ, ಮತ್ತೆ ತಾರೀಕು ಅದೇ ಹಾಕ್ಕೊಳ್ತದೆ’ ಎಂದರು. ಅಪ್ಪ ಎದ್ದು ನಿಂತರು. ‘ಸಾಕು, ಇದನ್ನೇ ಕಟ್ಟಿ ಕೊಡಿ. ಇನ್ನು ಬೇರೆ ತೋರ್ಸೂದು ಬೇಡ’ ಎಂದರು. ಮನೆಗೆ ಬಂದವಳೇ ರೇಡಿಯೋ ಹಚ್ಚಿ, ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಸದ್ದಿಗೆ ಕಾದು, ಕೊನೆಯ ಪೀಂ ಮುಗಿಯುವುದಕ್ಕೂ ನಾನು ಗುಂಡಿ ಒತ್ತುವುದಕ್ಕೂ ಸರಿಯಾಗಿ ಗಡಿಯಾರ ಕೂರಿಸಿದೆ. ಆಗ ನಮ್ಮ ಊರಿನಲ್ಲಿ ಇಂಥ ಕ್ಯಾಮೆರಾ ಇದ್ದವರು ಕೆಲವರಿದ್ದರು. ಈ ಕೆಲಸ ಮಾಡಿದವರು ಮಾತ್ರ ಯಾರೂ ಇರಲಿಲ್ಲ. ಗಡಿಯಾರ ಕೂರಿಸದ ಕ್ಯಾಮೆರಾ ಕಾರ್ಖಾನೆಯವರು ಇಟ್ಟ ತಾರೀಕಿನಲ್ಲೇ ಇರುತ್ತದೆ: ಎರಡು ಸಾವಿರದ ಇಸವಿಯ ಜನವರಿ ಒಂದು. ಬ್ಯಾಟರಿ ತೆಗೆದಿಟ್ಟು ಮತ್ತೆ ಹಾಕಿದಾಗಲೆಲ್ಲ ಅಲ್ಲಿಗೇ ಹೋಗಿ ನಿಲ್ಲುತ್ತದೆ. ನನ್ನ ಸೋದರತ್ತೆಯ ಮನೆಯ ಆಲ್ಬಮ್ ನೋಡಿದರೆ ಅವರ ಮಗಳ ಮದುವೆಯೂ ಆ ಮಗಳ ಮಗುವಿನ ನಾಮಕರಣವೂ ಒಂದೇ ದಿನ ನಡೆದಿವೆ. ಈ ಅಸಡ್ಡೆಯನ್ನು ಕಂಡು ನಾನು ನಗುತ್ತಿದ್ದೆ. ಆಗ ನಕ್ಕದ್ದನ್ನೆಲ್ಲ ಈಗ ವಾಪಸು ತೆಗೆದುಕೊಳ್ಳುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಸೃಜನಶೀಲ ಛಾಯಾಗ್ರಹಣ ಎಂಬ ವಿದ್ಯೆಯನ್ನು ನಾನು ಕಲಿತದ್ದು ಮನೆಯ ಕಂಪ್ಯೂಟರಿನ ಎದುರು ಕೂತು, ಎಲ್ಲೆಲ್ಲಿಯವರೋ ಬರೆದ ಪಾಠಗಳನ್ನು ಓದಿ. ಮುಖ್ಯ ವಸ್ತುವನ್ನು ನಡುವೆ ಇಡಬೇಡಿ ಎಂದಿತ್ತು. ಪೂರ್ತಿ ತೋರಿಸಬೇಡಿ, ಅರ್ಧ ತೋರಿಸಿ, ಉಳಿದರ್ಧವನ್ನು ನೋಡುವವರಿಗೆ ಬಿಡಿ ಎಂದಿತ್ತು. ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ ಎಂದಿತ್ತು. ಹೊರಗೆ ಹೋಗಿ ಜನರೆದುರು ಕ್ಯಾಮೆರಾ ಎತ್ತುವ ಧೈರ್ಯ ನನಗಿಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೆ ‘ಇಲ್ಲಿ ಇಳೀತೇನೆ’ ಎನ್ನಲೂ ಎರಡು ಸಲ ಗಂಟಲು ಸರಿಮಾಡಿಕೊಳ್ಳುವವಳು ನಾನು. ಹಾಗಾಗಿ ಮನೆಯೊಳಗಿನ ಸಾಮಾನುಗಳ ಹತ್ತಿರ ಹೋದೆ. ಮಸಿ ಹಿಡಿದ ಅನ್ನದ ತಪ್ಪಲೆಯ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ಎರಡು ದಿನ ನೋಡಿಟ್ಟುಕೊಂಡು ಮೂರನೆಯ ದಿನ ಕ್ಯಾಮೆರಾ ಹಿಡಿದು ಹೋದರೆ ತಪ್ಪಲೆ ಫಳಫಳ ಹೊಳೆಯುತ್ತಿತ್ತು. ‘ಫೋಟೋ ತೆಗೆಯೂದು ಅಂದ್ಯಲ್ಲ, ಹುಳಿ ಹಾಕಿ ತಿಕ್ಕಿಟ್ಟಿದ್ದೆ’ ಎಂದಳು ಆಯಿ. ನನಗೆ ಬೇಕಾದದ್ದು ಮಸಿ ಎಂದು ಹೇಳಿದ್ದಕ್ಕೆ ಅವಳು ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ. ಇನ್ನೊಂದು ದಿನ ತೆಂಗಿನಕಾಯಿಯ ಅರ್ಧ ಭಾಗದ ಫೋಟೋ ತೋರಿಸಿದೆ. ‘ಚೆಂದ ಅದೆ. ಉಳಿದರ್ಧ ಎಂತಾತು?’ ಎಂದು ಕೇಳಿದಳು. ಅಪ್ಪನ ಕನ್ನಡಕವನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಅದರ ನೆರಳಿನ ಫೋಟೋ ತೆಗೆದು, ವಾಪಸು ಇಡಲು ಮರೆತ ದಿನ ಅಪ್ಪ ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ಓದಿ ಮುಗಿಸಿದ್ದರು.

ಈ ಚಿತ್ರಗಳನ್ನೆಲ್ಲ ಹಾಕಲು ‘ಒಳಮನೆ’ ಎಂಬ ಹೆಸರಿನ ಒಂದು ಬ್ಲಾಗ್ ಮಾಡಿಕೊಂಡೆ. ನನ್ನ ಹೆಸರು ಅದರಲ್ಲಿರಲಿಲ್ಲ, ಊರಿನ ಹೆಸರಿರಲಿಲ್ಲ, ಮುಖವಂತೂ ಇಲ್ಲವೇ ಇಲ್ಲ. ನನ್ನದೆಂದಲ್ಲ, ಯಾರ ಮುಖವನ್ನೂ ಹಾಕಕೂಡದು ಎಂಬುದು ನನ್ನ ನಿಯಮ. ಮುಖ ಎಂಬುದು ಅವರವರ ಸ್ವಂತದ್ದು, ಅದನ್ನು ಊರಿನ ಎದುರು ಹರಡಬಾರದು ಎಂದು ಒಂದು ಸಣ್ಣ ಟಿಪ್ಪಣಿಯನ್ನೂ ಬರೆದಿದ್ದೆ. ಅದು ನನಗೆ ಬಹಳ ಇಷ್ಟವಾದ ಟಿಪ್ಪಣಿ. ವಾರಕ್ಕೊಮ್ಮೆ ತೆಗೆದು ಓದಿಕೊಳ್ಳುತ್ತಿದ್ದೆ; ಬೇರೆ ಯಾರೂ ಓದಿದ ಲಕ್ಷಣವಿರಲಿಲ್ಲ. ಪ್ರತಿ ಚಿತ್ರದ ಕೆಳಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕೆಗಳಲ್ಲಿ ತಾರೀಕು, ಅದರ ಪಕ್ಕ ಗಂಟೆ ಮತ್ತು ನಿಮಿಷ ಇರುತ್ತಿದ್ದವು. ಚಿತ್ರ ಕೆಡುತ್ತದೆ, ತಾರೀಕು ತೆಗೆಯಿರಿ ಎಂದು ಪಾಠಗಳಲ್ಲೆಲ್ಲ ಹೇಳಿತ್ತು. ಆ ಒಂದು ಪಾಠವನ್ನು ಮಾತ್ರ ನಾನು ಒಪ್ಪಲಿಲ್ಲ.

ಈಗ ನಾಗವೇಣಿಯ ವಿಷಯಕ್ಕೆ ಬರಬೇಕು. ನಾಗವೇಣಿ ಕಾಯ್ಕಿಣಿಯವಳು. ಪಿಯುಸಿ ಓದಲು ಹೊನ್ನಾವರಕ್ಕೆ ಬಂದು ಅವಳ ಚಿಕ್ಕಮ್ಮನ ಮನೆಯಲ್ಲಿದ್ದಾಗ ನನ್ನ ಬೆಂಚಿನಲ್ಲಿ ಕೂರುತ್ತಿದ್ದಳು. ಡಿಗ್ರಿಯ ಎರಡನೆಯ ವರ್ಷದಲ್ಲಿ ಅವಳಿಗೆ ಮದುವೆಯಾಯಿತು. ಕೊಟ್ಟದ್ದು ಹೊನ್ನಾವರದಿಂದ ನಾಲ್ಕೈದು ಮೈಲಿ ಆಚೆಗಿನ ಒಂದು ತುಂಬಿದ ಮನೆಗೆ. ಬೆಳಿಗ್ಗೆ ಅವಲಕ್ಕಿಯಾದರೂ ದೋಸೆಯಾದರೂ ಒಂಬತ್ತು ತಟ್ಟೆ. ಕೆಟ್ಟ ಜನರೇನಲ್ಲ. ಯಾರೂ ಅವಳಿಗೆ ಒಂದು ಗಟ್ಟಿ ಮಾತು ಆಡಿದವರಲ್ಲ. ಆದರೆ ಆ ಮನೆಯಲ್ಲಿ ಎಲ್ಲರೂ ಕೂತಾಗ ಒಬ್ಬರು ನಿಂತಿರಬೇಕಿತ್ತು, ಆ ಒಬ್ಬರು ಯಾವಾಗಲೂ ಅವಳೇ ಆಗಿರುತ್ತಿದ್ದಳು. ಒಂದು ಚಳಿಗಾಲದಲ್ಲಿ ಅವಳ ದವಡೆಯ ಹಲ್ಲು ನೋಯತೊಡಗಿ, ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿದ್ದ ಹಲ್ಲಿನ ಡಾಕ್ಟರರು ಬೇರಿನ ಚಿಕಿತ್ಸೆ ಮಾಡಬೇಕು, ನಾಲ್ಕು ಸಲ ಬನ್ನಿ ಎಂದರು. ಶನಿವಾರ ಮಧ್ಯಾಹ್ನ ಮೂರೂವರೆಯ ಸಮಯ ಕೊಟ್ಟರು. ಶನಿವಾರ ಕಾಲೇಜು ಅರ್ಧ ದಿನವಾದ್ದರಿಂದ ನಾನು ಅಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದೆ. ಮೂರು ವಾರ ಚಿಕಿತ್ಸೆ ಮುಗಿಸಿಕೊಂಡು ಬಂದು ಹತ್ತು ನಿಮಿಷ ಕೂತು ಹೋದಳು. ನಾಲ್ಕನೆಯ ಶನಿವಾರ ಡಾಕ್ಟರಲ್ಲಿಗೆ ಹೋಗದೆ ನೇರ ನಮ್ಮ ಹಿತ್ತಲಿಗೇ ಬಂದಳು. ‘ನೋವು ಇಲ್ಲ ಈಗ. ಕ್ಯಾಪು ಹಾಕೂದೊಂದು ಬಾಕಿ ಅದೆ’ ಎಂದಳು. ‘ಮತ್ತೆ ಹಾಕಿಸ್ಕೊಳ್ಳೂದಲ್ದಾ?’ ಎಂದೆ. ‘ಹಾಕ್ಸಿದ್ರೆ ಮುಗೀತಲ್ಲ ಮಾರಾಯ್ತಿ. ಮತ್ತೆ ಎಂತ ಹೇಳಿ ಬರೂದು ನಾನು?’

ಹೀಗೆ ಆ ಹಲ್ಲು ನಾಲ್ಕು ತಿಂಗಳು ಗುಣವಾಗದೆ ಉಳಿಯಿತು. ಪ್ರತಿ ಶನಿವಾರ ಮೂರೂವರೆಗೆ ಅವಳು ಬಂದು ನಮ್ಮ ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಏನೂ ಮಾಡದೆ ಒಂದೂವರೆ ತಾಸು ಕೂರುವುದು ಅವಳ ಆಸೆ. ಆದರೆ ಅವಳ ಕೈಗೆ ಆ ವಿದ್ಯೆ ಬರುತ್ತಿರಲಿಲ್ಲ; ಐದು ನಿಮಿಷದಲ್ಲಿ ಆಯಿಯ ಎದುರಿದ್ದ ಹಲಸಿನ ಬೇಳೆಯನ್ನೋ ಒಣ ಸಿಗಡಿಯನ್ನೋ ತನ್ನ ಕಡೆ ಎಳೆದುಕೊಂಡಿರುತ್ತಿತ್ತು. ‘ಬಿಡೆ, ಇಲ್ಲೂ ಅದೇ ಮಾಡೂಕೆ ಬಂದ್ಯಾ?’ ಎಂದು ಆಯಿ ಗದರಿದರೆ, ‘ಇಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ ಆಯಿ, ನಾ ಈಗ ಡಾಕ್ಟರ ಕುರ್ಚಿ ಮೇಲೆ ಬಾಯಿ ಕಳ್ಕೊಂಡು ಕೂತಿದ್ದೆ’ ಎನ್ನುತ್ತಿದ್ದಳು.

ಆ ಕೈಗಳು ನೋಡುವಂತಿದ್ದವು. ಎಡಗೈಯ ಕಿರುಬೆರಳು ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಹೊರಕ್ಕೆ ವಾರೆಯಾಗಿತ್ತು. ಮಣಿಕಟ್ಟಿನ ಮೇಲೆ ದೋಸೆಯ ಕಾವಲಿ ತಾಗಿ ಸುಟ್ಟ ಅರ್ಧಚಂದ್ರದಂಥ ಕಲೆ, ಅದರ ಮೇಲೆ ಹಸಿರು ಗಾಜಿನ ಬಳೆ. ಒಂದು ಶನಿವಾರ ಅವಳು ಬಾಳೆನಾರಿನಲ್ಲಿ ಅಬ್ಬಲಿಗೆ ಹೂವಿನ ದಂಡೆ ಕಟ್ಟುತ್ತಿದ್ದಳು. ಸೀಬೆಮರದ ಎಲೆಗಳ ಸಂದಿಯಿಂದ ಬಿಸಿಲು ಸರಿಯಾಗಿ ಆ ಬೆರಳುಗಳ ಮೇಲೆ ಬಿದ್ದಿತ್ತು. ನಾನು ಕ್ಯಾಮೆರಾ ತಂದೆ. ‘ಮುಖ ಬರೂದಿಲ್ಲ ಅಲ್ದಾ?’ ಎಂದು ಕೇಳಿದಳು. ‘ಇಲ್ಲ, ಕೈ ಮಾತ್ರ’ ಎಂದೆ. ‘ಹಂಗಾರೆ ಆತು’ ಎಂದು ತನ್ನ ಪಾಡಿಗೆ ಕಟ್ಟಿದಳು. ಬ್ಲಾಗಿಗೆ ಹಾಕುತ್ತೇನೆ ಎಂದು ಅವಳಿಗೆ ಹೇಳಿದೆನೋ ಇಲ್ಲವೋ ಎಂದು ಈಗ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನವೆಲ್ಲ ನೆನಪಿರುವವಳಿಗೆ ಇದೊಂದು ನೆನಪಿಲ್ಲ ಎಂದರೆ, ಹೇಳಿರಲಿಕ್ಕಿಲ್ಲ.

ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಒಳ್ಳೆಯದು. ಮುಖ್ಯ ವಸ್ತು ನಡುವೆ ಇರಲಿಲ್ಲ, ಅರ್ಧ ಮಾತ್ರ ಕಾಣುತ್ತಿತ್ತು, ಬಹಳ ಹತ್ತಿರದಿಂದ ತೆಗೆದದ್ದು. ಸಂಜೆಗೇ ‘ಒಳಮನೆ’ಗೆ ಹಾಕಿದೆ. ಮಾರನೆಯ ದಿನ ನೋಡಿದರೆ ಒಂದು ಪ್ರತಿಕ್ರಿಯೆ ಬಂದಿತ್ತು. ಮಸ್ಕತ್ತಿನಿಂದ ಯಾರೋ ಬರೆದಿದ್ದರು: ‘ಅಬ್ಬಲಿಗೆ ದಂಡೆ ನೋಡಿ ಊರಿಗೇ ಬಂದ ಹಾಗಾಯಿತು. ಇದು ನಮ್ಮ ನಾಗವೇಣಿ ಅತ್ತಿಗೆಯ ಕೈ ಅಲ್ಲವೇ?’ ನನ್ನ ಬ್ಲಾಗಿಗೆ ಅದುವರೆಗೆ ಬಂದಿದ್ದ ಪ್ರತಿಕ್ರಿಯೆಗಳು ಆರು. ಅದರಲ್ಲಿ ನಾಲ್ಕು ಯಾವುದೋ ಔಷಧಿ ಮಾರುವವರದ್ದು. ಏಳನೆಯದನ್ನು ಕಂಡು ನನಗಾದ ಸಂತೋಷವನ್ನು ಹೇಳಿದರೆ ನಾಚಿಕೆಯಾಗುತ್ತದೆ. ದೇಶಾಂತರದಲ್ಲಿರುವ ಒಬ್ಬ ಮನುಷ್ಯ ಬರೀ ಬೆರಳು ನೋಡಿ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಫೋಟೋ ತೆಗೆದಿದ್ದೇನೆ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ‘ಅತ್ತಿಗೆ’ ಎಂಬ ಪದ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಒಳ್ಳೆಯ ವಿದ್ಯಾರ್ಥಿಗೆ ಅಂಕ ಕೊಡುವವಳ ಹಾಗೆ ಉತ್ತರ ಬರೆದೆ: ‘ಸರಿಯಾಗಿ ಗುರುತಿಸಿದ್ದೀರಿ. ನಮ್ಮ ಹಿತ್ತಲಿನಲ್ಲಿ ತೆಗೆದದ್ದು. ಧನ್ಯವಾದಗಳು.’ ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿ ಕಳಿಸಿದೆ.

ಹಾಗೆ ಬರೆದ ಅವಳ ಮೈದುನನದೂ ಏನೂ ತಪ್ಪಿಲ್ಲ. ಊರಿನ ನೆನಪಿಗೆ ಏನು ಸಿಕ್ಕಿದರೂ ಓದುವ, ಏನು ಕಂಡರೂ ಖುಷಿಪಡುವ ಪಾಪದವರು. ಮಸ್ಕತ್ತಿನಲ್ಲಿ ಶುಕ್ರವಾರ ರಜೆ. ಶುಕ್ರವಾರ ಅವರು ಮನೆಗೆ ಫೋನು ಮಾಡುವ ದಿನ. ಅತ್ತಿಗೆಯ ಕೈ ಕಂಪ್ಯೂಟರಿನಲ್ಲಿ ಬಂದಿದೆ ಎಂದು ತಾಯಿಗೆ ಹೇಳಿದ್ದಾರೆ. ಯಾವಾಗಿನದ್ದು ಎಂದು ತಾಯಿ ಕೇಳಿದ್ದಾರೆ. ಅವರು ಮೂಲೆಯಲ್ಲಿದ್ದ ಕಿತ್ತಳೆ ಅಂಕೆಗಳನ್ನು ಒಂದೂ ಬಿಡದೆ ಓದಿ ಹೇಳಿದ್ದಾರೆ. ಹೋದ ಶನಿವಾರ, ಮಧ್ಯಾಹ್ನ ಮೂರು ನಲವತ್ತೆರಡು.

ನೆರೆಹೊರೆಯ ಬೇರೆ ಯಾರ ಕ್ಯಾಮೆರಾ ಆಗಿದ್ದರೂ ನಾಗವೇಣಿ ಉಳಿದುಕೊಳ್ಳುತ್ತಿದ್ದಳು. ಸೋದರತ್ತೆಯ ಮನೆಯ ಕ್ಯಾಮೆರಾ ಆಗಿದ್ದರೆ ಎರಡು ಸಾವಿರದ ಇಸವಿಯಲ್ಲಿ, ಅವಳಿಗೆ ಇನ್ನೂ ಮದುವೆಯೇ ಆಗದ ಕಾಲದಲ್ಲಿ, ಹೂ ಕಟ್ಟಿದ್ದಾಗುತ್ತಿತ್ತು. ಅದಕ್ಕೆ ಯಾರ ಆಕ್ಷೇಪಣೆ? ನಾನು ರೇಡಿಯೋದ ಕೊನೆಯ ಪೀಂಗೆ ಕಾದಿದ್ದೆನಲ್ಲ.

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರದಿದ್ದಾಗ ಫೋನು ಮಾಡಿದೆ. ಎತ್ತಿದವರು ಅವಳ ಅತ್ತೆ. ನನ್ನ ಹೆಸರು ಹೇಳಿದೆ. ‘ಹೋ, ಗೊತ್ತಾತು ತಂಗಿ. ಆರಾಮಾ? ಆಯಿ ಆರಾಮಾ?’ ಎಂದು ಪ್ರೀತಿಯಿಂದಲೇ ಕೇಳಿದರು. ನಾಗವೇಣಿ ಇದ್ದಾಳೆಯೇ ಎಂದೆ. ‘ಕೊಟ್ಟಿಗೆ ಕಡೆ ಹೋಗ್ಯದೆ. ಅದರ ಹಲ್ಲು ಪೂರ್ತಿ ಗುಣ ಆತು ತಂಗಿ. ಇನ್ನು ಬರೂ ಕೆಲಸ ಇಲ್ಲ ಅದಕ್ಕೆ’ ಎಂದು ಹೇಳಿ ಮೆಲ್ಲಗೆ ಫೋನು ಇಟ್ಟರು. ಆಗಲೇ ನನಗೆ ಎಲ್ಲ ಹೊಳೆದದ್ದು. ಬ್ಲಾಗ್ ತೆಗೆದು ಆ ಪ್ರತಿಕ್ರಿಯೆಯನ್ನೂ ನನ್ನ ಉತ್ತರವನ್ನೂ ಮತ್ತೊಮ್ಮೆ ಓದಿದೆ. ಕಾಗುಣಿತ ಸರಿಯಾಗಿಯೇ ಇತ್ತು.

ಫೋಟೋವನ್ನು ತೆಗೆದುಹಾಕಿದೆ. ಮುಖದ ಕುರಿತ ನನ್ನ ಟಿಪ್ಪಣಿಯನ್ನೂ ತೆಗೆದುಹಾಕಿದೆ. ಕ್ಯಾಮೆರಾದ ತಾರೀಕನ್ನು ಮಾತ್ರ ತೆಗೆಯುವುದು ಕೈಯಿಂದ ಆಗಲಿಲ್ಲ. ತಾರೀಕಿಲ್ಲದ ಕಾಗದವನ್ನು ಕಂಡರೆ ಈಗಲೂ ನನಗೆ ಚಡಪಡಿಕೆಯಾಗುತ್ತದೆ. ಅದರ ಬದಲು ಅದು ಸುಳ್ಳಾದರೂ ಹೇಳಲಿ ಎಂದು, ಪ್ರತಿ ಸಲ ಕೆಲಸವಾದ ಮೇಲೆ ಬ್ಯಾಟರಿ ತೆಗೆದು ಬೇರೆ ಇಡತೊಡಗಿದೆ. ಮತ್ತೆ ಹಾಕಿದಾಗ ಗಡಿಯಾರ ಕೂರಿಸುವ ಗೋಜಿಗೆ ಹೋಗಲಿಲ್ಲ. ಹೀಗೆ ನಾನೂ ಊರಿನ ಎಲ್ಲರ ಹಾಗೆ ಎರಡು ಸಾವಿರದ ಇಸವಿಯ ಜನವರಿ ಒಂದರಲ್ಲಿ ವಾಸಿಸತೊಡಗಿದೆ. ಶನಿವಾರ ಮೂರೂವರೆಯಾದರೆ ಆಯಿ ಏನಾದರೂ ಸುಲಿಯುವಂಥದ್ದನ್ನು ಹಿತ್ತಲಿಗೆ ತಂದಿಟ್ಟುಕೊಂಡು ಕೂರುತ್ತಿದ್ದಳು. ನಾವಿಬ್ಬರೂ ಸುಲಿಯುತ್ತಿದ್ದೆವು. ಒಮ್ಮೆ ಆಯಿ, ‘ತಪ್ಪಲೆ ಫೋಟೋನೇ ಸಾಕಿತ್ತು’ ಎಂದಳು.

ಏಳು ತಿಂಗಳ ಮೇಲೆ, ದೀಪಾವಳಿ ಮುಗಿದಿತ್ತು ಅಷ್ಟೇ, ಒಂದು ಶನಿವಾರ ಗೇಟು ಕಿರುಗುಟ್ಟಿತು. ನಾಗವೇಣಿ, ಅವಳ ಹಿಂದೆ ಅವಳ ಅತ್ತೆ. ಅತ್ತೆ ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿದ್ದರು. ಅದೇ ಡಾಕ್ಟರರು ಅವರ ಕೊನೆಯ ಎರಡು ಹಲ್ಲು ಕಿತ್ತು, ಹೊಸ ಪಂಕ್ತಿ ಕೂರಿಸಲು ಇನ್ನು ಕೆಲವು ಶನಿವಾರ ಬರಬೇಕೆಂದು ಹೇಳಿದ್ದರು. ಬಸ್ಸಿಗೆ ಒಂದು ತಾಸಿತ್ತು. ಬಾಯಿ ತುಂಬ ಹತ್ತಿ ಇದ್ದುದರಿಂದ ಅತ್ತೆ ಮಾತಾಡುವಂತಿರಲಿಲ್ಲ. ಕೈಸನ್ನೆಯಲ್ಲೇ ಆರಾಮಾ ಎಂದು ಕೇಳಿ ಜಗಲಿಯಲ್ಲಿ ಕೂತರು. ಆಯಿ ಅವರ ಎದುರು ಕೂತು ಇಬ್ಬರ ಮಾತನ್ನೂ ತಾನೇ ಆಡತೊಡಗಿದಳು. ನಾವಿಬ್ಬರೂ ಹಿತ್ತಲಿಗೆ ಹೋದೆವು.

ಏಳು ತಿಂಗಳಿನಿಂದ ನಾನು ಒಂದು ಕ್ಷಮಾಪಣೆಯನ್ನು ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದು, ‘ಚಾ ಕುಡೀತ್ಯಾ?’

‘ಬೇಡ, ಈ ಬದಿಯಲ್ಲಿ ಬಿಸಿ ತಾಗ್ತದೆ’ ಎಂದು ಅವಳು ಬಾಯಿ ಅಗಲಿಸಿ ತೋರಿಸಿದಳು. ದವಡೆಯಲ್ಲಿ ಒಂದು ಹಲ್ಲಿನ ಜಾಗ ಖಾಲಿಯಿತ್ತು. ಕ್ಯಾಪು ಹಾಕಿಸದೆ ಬಿಟ್ಟಿದ್ದರಿಂದ ಮಳೆಗಾಲದಲ್ಲಿ ಅದು ಸೀಳಿ, ಕೀಳಿಸಲೇಬೇಕಾಯಿತಂತೆ. ‘ಕೂತದ್ದಕ್ಕೆ ಒಂದು ಹಲ್ಲು ಕೊಟ್ಟೆ ನೋಡು’ ಎಂದು ನಕ್ಕಳು. ನಗುವಾಗ ಎಡಗೈ ತಾನಾಗಿ ಬಾಯಿಗೆ ಅಡ್ಡ ಬಂತು. ಅದು ಹೊಸ ಅಭ್ಯಾಸ.

ಅವಳೇ ಕೇಳಿದಳು, ‘ಎಲ್ಲದೆ ನಿನ್ನ ಡಬ್ಬಿ? ತಾ. ಒಂದು ಫೋಟೋ ತೆಗಿ. ಈ ಸಲ ಮುಖದ್ದು.’

‘ಮುಖ ಬೇಡ ನಾಗವೇಣಿ. ಬರೇ ಕೈಯಿಂದಲೇ ಇಷ್ಟಾತು.’

‘ಅದಕ್ಕೇ ಹೇಳಿದ್ದು. ನೀ ಅವತ್ತೇ ಮುಖ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ’ ಎಂದಳು. ನಾನು ತಮಾಷೆ ಎಂದುಕೊಂಡೆ. ಅವಳು ಕಟ್ಟೆಯ ಮೇಲೆ ಕೂತು, ಕಾಲು ಚಾಚಿ, ತನ್ನ ಎರಡೂ ಕೈಗಳನ್ನು ಮಡಿಲ ಮೇಲೆ ಮಗುಚಿ ನೋಡಿಕೊಂಡಳು. ‘ಆರು ವರ್ಷ ಆತು ನಾ ಆ ಮನೆಗೆ ಹೋಗಿ. ಬಡಿಸುವಾಗ ಎಲ್ಲರೂ ನೋಡೂದು ಕೈಯನ್ನೇ ಅಲ್ದನೇ? ಸಾಕು ಹೇಳೂದೂ ಕೈಗೇ, ಇನ್ನಷ್ಟು ಹಾಕು ಹೇಳೂದೂ ಕೈಗೇ. ಮೈದುನ ಎಂತಕ್ಕೆ ಗುರ್ತು ಹಿಡಿದ ಹೇಳು? ಅವ ಪಾಪ, ಮುಖ ಕಂಡ್ರೆ ಇದು ಯಾರು ಕೇಳ್ತಿದ್ದ.’

ಜಗಲಿಯಿಂದ ಆಯಿಯ ಧ್ವನಿ ಒಂದೇ ಸಮನೆ ಕೇಳುತ್ತಿತ್ತು. ನಾನು ಒಳಗೆ ಹೋಗಿ ಬ್ಯಾಟರಿ ಹಾಕಿಕೊಂಡು ಬಂದೆ. ಕ್ಯಾಮೆರಾ ಎತ್ತಿದ ಮೇಲೆ ನನಗೆ ಗೊತ್ತಾಯಿತು, ಎರಡು ವರ್ಷದ ಅಭ್ಯಾಸದಲ್ಲಿ ನಾನು ಒಂದೇ ಒಂದು ಮುಖ ತೆಗೆದಿಲ್ಲ. ನೀರಿನ ಹನಿ ಗೊತ್ತು, ತಪ್ಪಲೆಯ ಮಸಿ ಗೊತ್ತು, ಕನ್ನಡಕದ ನೆರಳು ಗೊತ್ತು. ಒಬ್ಬ ಹೆಂಗಸು ನೇರ ನನ್ನನ್ನೇ ನೋಡುತ್ತ ಕೂತರೆ ಎಲ್ಲಿ ಹಿಡಿಯಬೇಕು, ಎಷ್ಟು ದೂರ ನಿಲ್ಲಬೇಕು ಎಂದು ತಿಳಿಯಲಿಲ್ಲ. ಮುಂದೆ ಬಂದೆ, ಹಿಂದೆ ಹೋದೆ. ‘ಬೇಗ ತೆಗಿ ಮಾರಾಯ್ತಿ, ಮುಖ ನೋಯ್ತದೆ’ ಎಂದು ಅವಳು ಅನ್ನುವುದಕ್ಕೂ, ಜಗಲಿಯಿಂದ ಹತ್ತಿಯೊಳಗಿನಿಂದ ‘ಆಆಏಈ’ ಎಂಬ ಕರೆ ಬರುವುದಕ್ಕೂ, ಅವಳಿಗೆ ನಗು ಬರುವುದಕ್ಕೂ, ನಾನು ಗುಂಡಿ ಒತ್ತುವುದಕ್ಕೂ ಸರಿಯಾಯಿತು. ಬಸ್ಸಿಗೆ ಹೊತ್ತಾಗಿತ್ತು. ‘ಇನ್ನು ಅತ್ತೆ ಹಲ್ಲಿನ ಮೇಲೆ ಬರ್ತೆ’ ಎಂದು ಕಿವಿಯಲ್ಲಿ ಹೇಳಿ ಹೋದಳು. ಆದರೆ ಮುಂದಿನ ವಾರದಿಂದ ಅತ್ತೆಯ ಜೊತೆ ಅವಳ ಗಂಡ ಬರತೊಡಗಿದ್ದನ್ನು ಆಯಿ ರಸ್ತೆಯಲ್ಲಿ ಎರಡು ಸಲ ಕಂಡಳು.

ಅಂದು ಅವರು ಹೋದ ಮೇಲೆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನ ಬಟ್ಟೆ ಒಗೆಯುವ ಕಲ್ಲು ಸೊಗಸಾಗಿ ಬಂದಿದೆ. ತಂತಿಯ ಮೇಲಿನ ಕ್ಲಿಪ್ಪುಗಳನ್ನು ಎಣಿಸಬಹುದು. ನಾಗವೇಣಿಯ ಮುಖ ಮಾತ್ರ ಅಲುಗಿ, ಯಾರದ್ದೆಂದು ಹೇಳಲಾಗದಷ್ಟು ಮಸುಕಾಗಿದೆ. ಬಾಯಿಗೆ ಅಡ್ಡ ಬಂದ ಎಡಗೈಯೊಂದು, ವಾರೆ ಕಿರುಬೆರಳು, ಅರ್ಧಚಂದ್ರದ ಕಲೆ, ಹಸಿರು ಬಳೆಗಳ ಸಮೇತ ಮಸ್ಕತ್ತಿನವರೆಗೂ ಗುರುತು ಸಿಗುವಷ್ಟು ಸ್ಪಷ್ಟವಾಗಿದೆ.

ಅದನ್ನು ಎಲ್ಲಿಯೂ ಹಾಕಿಲ್ಲ, ಅಳಿಸಿಯೂ ಇಲ್ಲ. ಅವಳು ಬಂದ ದಿನ ಯಾವುದು ಎಂದು ಈಗ ನನಗೆ ಖಚಿತವಾಗಿ ಹೇಳಲು ಬರುವುದಿಲ್ಲ. ದೀಪಾವಳಿಯ ಮೇಲೆ, ಒಂದು ಶನಿವಾರ, ಅಷ್ಟೇ. ಫೋಟೋದ ಮೂಲೆಯ ಕಿತ್ತಳೆ ಅಂಕೆಗಳ ಪ್ರಕಾರ ಅದು ಎರಡು ಸಾವಿರದ ಇಸವಿಯ ಜನವರಿ ಒಂದು, ರಾತ್ರಿ ಹನ್ನೆರಡು ಗಂಟೆ ಏಳು ನಿಮಿಷ. ಇಷ್ಟು ಸುಳ್ಳಿದ್ದರೆ ಸಾಕು, ಇನ್ನು ಯಾರೂ ಅವಳನ್ನು ಹಿಡಿಯಲಾರರು ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೂ ಚಟ ಬಿಡಬೇಕಲ್ಲ. ಮೊನ್ನೆ ಲೈಬ್ರರಿಯಲ್ಲಿ ಹಳೆಯ ಪಂಚಾಂಗಗಳನ್ನು ಜೋಡಿಸುವಾಗ ಎರಡು ಸಾವಿರದ ಇಸವಿಯ ಜನವರಿ ಇರುವುದು ಸಿಕ್ಕಿತು, ಒಂದನೆಯ ತಾರೀಕು ತೆಗೆದು ನೋಡಿದೆ. ಅಂದೂ ಶನಿವಾರವೇ.